ಹಳ್ಳಿ ಮನೆ, ಪಿಕಪ್ ಟ್ರಕ್ಕು, ಎಚ್-1ಬಿ: ಮೊದಲು ಯಾವುದು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಿಂದ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಒಂದು ವರ್ಷ ಆಯ್ತು, ಎಚ್-1ಬಿ ಕೆಲಸದ ವೀಸಾ ಮೇಲೆ ಸಾಫ್ಟ್‌ವೇರ್ ಕೆಲಸ, ಎಲ್ಲಿಂದ ಬೇಕಾದರೂ ಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ, ಹಾಗಾದರೆ ಅಪಾರ್ಟ್‌ಮೆಂಟ್ ಬಿಟ್ಟು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಕಡೆ ಐದು ಎಕರೆ ಜಾಗ, ಒಂದು ಪಿಕಪ್ ಟ್ರಕ್ಕು ತಗೊಂಡು ಗಂಡ ಹೆಂಡತಿ ಹಳ್ಳಿಯಲ್ಲೇ ಇದ್ದುಬಿಡಬಹುದಾ ಅಂತ ಕೇಳಿದ್ದೀರಿ. ನಾನು ವಿಸ್ಕಾನ್ಸಿನ್‌ನ ಪಶ್ಚಿಮದ ಒಂದು ಹಳ್ಳಿಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನನ್ನದೂ ಸಾಫ್ಟ್‌ವೇರ್ ಕೆಲಸವೇ. ಖಂಡಿತ ಬನ್ನಿ. ಆದರೆ ಮೊದಲ ಚಳಿಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ, ಟ್ರಕ್ಕು ಆಮೇಲೆ ನೋಡೋಣ, ಎಲ್ಲಕ್ಕಿಂತ ಮುಂಚೆ ವೀಸಾ.

ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಎಚ್-1ಬಿಯಲ್ಲಿ ನೀವು ಕೂತು ಕೆಲಸ ಮಾಡುವ ಜಾಗವೂ ಅರ್ಜಿಯ ಭಾಗ. ಮನೆಯಿಂದ ಮಾಡಿದರೆ ಮನೆಯೇ ಕೆಲಸದ ಜಾಗ. ಮಹಾನಗರದ ವ್ಯಾಪ್ತಿ, ದಿನಾ ಓಡಾಡುವ ದೂರ ದಾಟಿ ಮನೆ ಬದಲಾಯಿಸಿದರೆ ಕಂಪನಿ ಹೊಸ ಎಲ್‌ಸಿಎ (ಕೆಲಸದ ಜಾಗ, ಸಂಬಳ ತಿಳಿಸಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ) ಮಾಡಿಸಿ ತಿದ್ದುಪಡಿ ಅರ್ಜಿ ಹಾಕಬೇಕು, ಅದೂ ನೀವು ಅಲ್ಲಿ ಕೆಲಸ ಶುರು ಮಾಡುವ ಮೊದಲು. 2015ರಿಂದ ಈ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ವಿಸ್ಕಾನ್ಸಿನ್‌ನ ಸೇಂಟ್ ಕ್ರಾಯ್, ಪಿಯರ್ಸ್ ಕೌಂಟಿಗಳು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮಿನಿಯಾಪೊಲಿಸ್ ಮಹಾನಗರದ ಲೆಕ್ಕಕ್ಕೇ ಸೇರುತ್ತವೆ, ಪಕ್ಕದ ಡನ್ ಕೌಂಟಿ ಸೇರುವುದಿಲ್ಲ. ಹೋಗಿ ನೋಡಿದರೆ ಎರಡೂ ಕಡೆ ಅದೇ ಮೆಕ್ಕೆಜೋಳದ ಹೊಲ, ಅದೇ ಹಸುವಿನ ಕೊಟ್ಟಿಗೆ. ಕಾಗದದಲ್ಲಿ ಮಾತ್ರ ಬೇರೆ ಬೇರೆ ಲೋಕ. ಕಂಪನಿಯ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ತೆರಿಗೆಯದ್ದೂ ಕೇಳಿಕೊಳ್ಳಿ, ಯಾಕಂದರೆ ಮಿನ್ನೆಸೋಟ, ವಿಸ್ಕಾನ್ಸಿನ್ ನಡುವಿನ ಆದಾಯ ತೆರಿಗೆ ಒಪ್ಪಂದ 2010ರಲ್ಲೇ ಮುಗಿದುಹೋಯಿತು. ಆಫೀಸಿಗೆ ಆಗಾಗ ಹೋಗಿ ಬರುವವರು ಎರಡೂ ರಾಜ್ಯಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ಕೆಲಸ ಹೋದರೆ ಏನು ಅನ್ನೋದನ್ನೂ ಈಗಲೇ ಯೋಚಿಸಿ. ಅಮೆರಿಕದಲ್ಲಿ ಮೊಂಟಾನ ಒಂದು ಬಿಟ್ಟರೆ ಬೇರೆಲ್ಲ ಕಡೆ ಕಾರಣ ಹೇಳದೆ ಕೆಲಸದಿಂದ ತೆಗೆಯುವುದೇ ಮಾಮೂಲಿ ನಿಯಮ. ತೆಗೆದ ಮೇಲೆ ಎಚ್-1ಬಿಯವರಿಗೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಸಿಗಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ದೇಶ ಬಿಡಬೇಕು. ಮಿನಿಯಾಪೊಲಿಸ್‌ನಲ್ಲಿದ್ದರೆ ನಾಲ್ಕು ಕಡೆ ಇಂಟರ್‌ವ್ಯೂ ಕೊಡಬಹುದು. ಇಲ್ಲಿ ಸುತ್ತಮುತ್ತ ನಮ್ಮ ಕೆಲಸ ಕೊಡುವವರು ಯಾರೂ ಇಲ್ಲ, ಮತ್ತೆ ಮನೆಯಿಂದ ಕೆಲಸ ಕೊಟ್ಟ ಕಂಪನಿಗಳೇ ಎರಡು ವರ್ಷ ಬಿಟ್ಟು ವಾರಕ್ಕೆ ಮೂರು ದಿನ ಬನ್ನಿ ಅಂತ ಕರೆಯೋದನ್ನು ಎಲ್ಲರೂ ನೋಡಿದ್ದೇವೆ. ಗ್ರೀನ್ ಕಾರ್ಡ್‌ಗೆ, ಅಂದರೆ ಇಲ್ಲೇ ಶಾಶ್ವತವಾಗಿ ಇರುವ ಪರವಾನಗಿಗೆ, ಒಂದೊಂದು ದೇಶದವರಿಗೆ 7 ಶೇಕಡಾ ಮಿತಿ ಇರುವುದರಿಂದ ನಮ್ಮವರ ಸರದಿ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತರೆ ಜೀವನ ಸಾಗಲ್ಲ, ಅದು ನನಗೂ ಗೊತ್ತು. ಅದಕ್ಕೇ ಬರಬೇಡಿ ಅನ್ನುತ್ತಿಲ್ಲ. 60 ದಿನದಲ್ಲಿ ಐದು ಎಕರೆ ಮಾರೋದು ಕಷ್ಟ, ಬಾಡಿಗೆ ಮನೆ ಬಿಡೋದು ಸುಲಭ, ಅಷ್ಟೇ.

ಇನ್ನು ಹಳ್ಳಿ ಮನೆ. ಊರಿನ ನಲ್ಲಿ ನೀರು ಇಲ್ಲಿ ಇಲ್ಲ, ಪ್ರತಿ ಮನೆಗೂ ಅದರದ್ದೇ ಬೋರ್‌ವೆಲ್. ಪಂಪು ಓಡುವುದು ಕರೆಂಟಿನಲ್ಲಿ, ಹಾಗಾಗಿ ಬಿರುಗಾಳಿಗೆ ತಂತಿ ಹರಿದರೆ ದೀಪದ ಜೊತೆ ನೀರೂ ಹೋಯಿತು, ಶೌಚಾಲಯದ ಫ್ಲಶ್ಶೂ ಹೋಯಿತು. ಜನರೇಟರ್ ಇಲ್ಲದ ಮನೆಯಲ್ಲಿ ಬಿರುಗಾಳಿಯ ಸುದ್ದಿ ಬಂದ ತಕ್ಷಣ ಬಕೆಟ್ ತುಂಬಿಸಿಡುತ್ತಾರೆ. ಸುತ್ತ ಹೊಲ ಇರುವ ಕಡೆ ನೀರಿನಲ್ಲಿ ಗೊಬ್ಬರದಿಂದ ಇಳಿದ ನೈಟ್ರೇಟ್ ಇರುವ ಸಾಧ್ಯತೆ ಇದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಎಳೆಯ ಮಕ್ಕಳಿಗೆ ಅಪಾಯ. ಪರೀಕ್ಷೆ ಮಾಡಿಸದೆ ಮನೆ ತಗೋಬೇಡಿ, ಬಾಡಿಗೆಗೆ ಆದರೂ ಸರಿ. ಒಳಚರಂಡಿಯೂ ಇಲ್ಲ, ಸೆಪ್ಟಿಕ್ ಟ್ಯಾಂಕು. ವಿಸ್ಕಾನ್ಸಿನ್‌ನಲ್ಲಿ ಮೂರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಕೌಂಟಿಗೆ ವರದಿ ಹೋಗಬೇಕು, ಆ ದಾಖಲೆ ಕೇಳಿ ನೋಡಿ. ಮನೆ ಬೆಚ್ಚಗಿಡಲು ಅಂಗಳದಲ್ಲಿ ಪ್ರೊಪೇನ್ ಗ್ಯಾಸಿನ ಟ್ಯಾಂಕು ಇರುತ್ತದೆ. ಅದನ್ನು 80 ಶೇಕಡಾ ಮಾತ್ರ ತುಂಬುತ್ತಾರೆ, ಬೇಸಿಗೆಯಲ್ಲೇ ಬುಕ್ ಮಾಡಿದವರಿಗೆ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗುತ್ತದೆ.

ಹಿಮದ ವಿಷಯ ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಅರ್ಥವಾಗುವುದಿಲ್ಲ. ರಸ್ತೆಯ ಹಿಮವನ್ನು ಸರ್ಕಾರದ ಗಾಡಿ ತಳ್ಳುತ್ತದೆ, ನಿಮ್ಮ ಮನೆಯ ದಾರಿ ನಿಮ್ಮದೇ. ಆ ಗಾಡಿ ಹೋಗುವಾಗ ನಿಮ್ಮ ದಾರಿಯ ಬಾಯಿಗೆ ಒಂದು ದಿಣ್ಣೆ ಹಾಕಿ ಹೋಗುತ್ತದೆ. ಅದು ಆಕಾಶದಿಂದ ಬಿದ್ದ ಹಗುರ ಹಿಮ ಅಲ್ಲ. ಉಪ್ಪು, ಮರಳು, ಮಂಜುಗಡ್ಡೆಯ ತುಂಡು ಎಲ್ಲ ಸೇರಿದ ಭಾರದ ಮುದ್ದೆ, ಒಂದು ಗಂಟೆ ಬಿಟ್ಟರೆ ಕಲ್ಲಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಇದ್ದರೆ ಆರಕ್ಕೆ ಎದ್ದು ಅದನ್ನು ಕಡಿಯಬೇಕು. ದಾರಿ ಉದ್ದ ಇದ್ದಷ್ಟೂ ಕೆಲಸ ಜಾಸ್ತಿ. ಮನೆ ನೋಡಲು ಹೋದಾಗ ಅಡುಗೆಮನೆಗಿಂತ ಮುಂಚೆ ಆ ದಾರಿಯ ಉದ್ದ ನೋಡಿ.

ನಮ್ಮಂಥವರಿಗೆ ಇಂಟರ್‌ನೆಟ್ ಇಲ್ಲದಿದ್ದರೆ ಸಂಬಳವೇ ಇಲ್ಲ. ನಕ್ಷೆಯಲ್ಲಿ ಸೇವೆ ಇದೆ ಅಂತ ತೋರಿಸುವುದನ್ನು ನಂಬಬೇಡಿ, ಪಕ್ಕದ ಮನೆಯವರನ್ನು ಕೇಳಿ. ಸಹಕಾರಿ ದೂರವಾಣಿ ಸಂಸ್ಥೆಗಳು ಫೈಬರ್ ಎಳೆದಿರುವ ಹಳ್ಳಿಗಳಿವೆ, ಅಲ್ಲಿ ಎಷ್ಟೋ ಸಲ ಪೇಟೆಗಿಂತ ಚೆನ್ನಾಗಿ ಬರುತ್ತದೆ. ಹಳೇ ಕಾಲದ ಉಪಗ್ರಹ ಇಂಟರ್‌ನೆಟ್ ಬೇಡವೇ ಬೇಡ. ಆ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ, ಮಾತು ಹೋಗಿ ಬರುವುದಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ, ಮೀಟಿಂಗಿನಲ್ಲಿ ಒಬ್ಬರ ಮೇಲೊಬ್ಬರು ಮಾತಾಡಿಕೊಂಡೇ ಇರಬೇಕು. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ ಆ ತೊಂದರೆ ಇಲ್ಲ, ಆದರೆ ಆಕಾಶ ತೆರೆದಿರಬೇಕು. ಮರ ಅಡ್ಡ ಬಂದರೆ ಮಧ್ಯೆ ಮಧ್ಯೆ ಸಂಪರ್ಕ ಕಡಿದುಹೋಗುತ್ತದೆ.

ಈಗ ನಿಮ್ಮ ಆಸೆಯ ಟ್ರಕ್ಕು! ಇಲ್ಲಿನವರು ಟ್ರಕ್ಕು ಇಟ್ಟುಕೊಳ್ಳುವುದು ಜಂಬಕ್ಕೆ ಅಂತ ನಮ್ಮ ಸಾಫ್ಟ್‌ವೇರ್ ಜನ ಮಾತಾಡುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. ಕಟ್ಟಿಗೆ, ಮೇವು, ಸತ್ತ ಜಿಂಕೆ, ಕೆಟ್ಟ ಟ್ರ್ಯಾಕ್ಟರ್ ಎಲ್ಲ ಅದರಲ್ಲೇ ಸಾಗಬೇಕು. ಆದರೆ ನಿಮಗೆ ಮೊದಲ ವರ್ಷ ಅದು ಬೇಡ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಒಂದು ಕಾರು, ಅದಕ್ಕೆ ಒಳ್ಳೆಯ ಹಿಮದ ಟೈರು, ಹಿಂದೆ ಕಟ್ಟಲು ಒಂದು ಚಿಕ್ಕ ಟ್ರೇಲರ್ ಸಾಕು. ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದೆ ಓಡಿಸುತ್ತದೆ, ನಿಲ್ಲಿಸುವುದು ಟೈರು. ಖಾಲಿ ಪಿಕಪ್‌ಗೆ ಹಿಂದೆ ತೂಕವೇ ಇರುವುದಿಲ್ಲ, ಮಂಜುಗಡ್ಡೆಯ ಮೇಲೆ ಬಾಲ ತಿರುಗಿಬಿಡುತ್ತದೆ. ಅದಕ್ಕೇ ಚಳಿಗಾಲದಲ್ಲಿ ಹಿಂದೆ ಮರಳು ಮೂಟೆ ಹಾಕಿಕೊಂಡು ಓಡಾಡುತ್ತಾರೆ.

ತಗೊಂಡೇ ತೀರುತ್ತೇನೆ ಅಂದರೆ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ಅಂಟಿಸಿರುವ ಹಳದಿ ಚೀಟಿ ಓದಿ. ಜನ, ಸಾಮಾನು ಸೇರಿ ಆ ಗಾಡಿ ಎಷ್ಟು ಹೊರಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಜಾಹೀರಾತಿನಲ್ಲಿ ಕೂಗುವುದು ಎಳೆಯುವ ತೂಕ, ಇದು ಬೇರೆ. ಒಲೆಗೆ ಹಾಕುವ ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಚಿಕ್ಕ ತುಂಡು) ಹಲಗೆಯ ಮೇಲೆ ಜೋಡಿಸಿದ ಒಂದು ಲೋಡು ಅಂದರೆ 40 ಪೌಂಡಿನ 50 ಚೀಲ, ಒಟ್ಟು 2,000 ಪೌಂಡು. ಫೋರ್ಡ್ ಎಫ್-150 ಪಿಕಪ್ ತರಹದ ಎಷ್ಟೋ ಗಾಡಿಗಳ ಚೀಟಿಯಲ್ಲಿ ಅಷ್ಟು ಇರುವುದಿಲ್ಲ, ಎರಡು ಸಲ ಹೋಗಬೇಕು. ಸೆಕೆಂಡ್ ಹ್ಯಾಂಡ್ ಆದರೆ ಕೆಳಗೆ ಮಲಗಿ ಚಾಸಿ, ಬ್ರೇಕ್ ಪೈಪು ನೋಡಿ. ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಮೇಲೆ ಬಣ್ಣ ಫಳಫಳ ಅಂದರೂ ಅಡಿಯಲ್ಲಿ ತುಕ್ಕು ತಿಂದಿರುತ್ತದೆ. ಅಂದಹಾಗೆ ಟೊಯೋಟಾದ ಹೈಲಕ್ಸ್ ಪಿಕಪ್ ಯಾಕೆ ಇಲ್ಲಿ ಸಿಗಲ್ಲ ಅಂತ ಕೇಳಿದ್ದಿರಿ. ಕೋಳಿ ಮಾಂಸದ ಮೇಲೆ ಯುರೋಪಿನವರು ಸುಂಕ ಹಾಕಿದರು ಅಂತ 1964ರಲ್ಲಿ ಅಮೆರಿಕ ಹೊರಗಿನ ಲಘು ಟ್ರಕ್ಕುಗಳಿಗೆ 25 ಶೇಕಡಾ ಸುಂಕ ಹಾಕಿತು, ಆ ಕೋಳಿ ಜಗಳ ಎಲ್ಲರೂ ಮರೆತರೂ ಸುಂಕ ಉಳಿಯಿತು. ಅದೂ ಒಂದು ದೊಡ್ಡ ಕಾರಣ.

ನಿಮ್ಮ ಪ್ರಶ್ನೆಯಲ್ಲಿ ಒಂದು ವಿಷಯ ಬರಲೇ ಇಲ್ಲ, ನನಗೆ ಅದೇ ಮುಖ್ಯ. ನಿಮ್ಮ ಹೆಂಡತಿ ಎಚ್-4 ಮೇಲೆ, ಅಂದರೆ ಎಚ್-1ಬಿಯವರ ಕುಟುಂಬದ ವೀಸಾ ಮೇಲೆ ಇದ್ದರೆ, ನಿಮ್ಮ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗುವ ತನಕ ಅವರು ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲ. ಅವರಿಗೆ ಲೈಸೆನ್ಸು, ಸ್ವಂತ ಗಾಡಿ ಎರಡೂ ಇಲ್ಲದೆ ಹಳ್ಳಿಗೆ ಕರೆತಂದರೆ ಅದು ದೊಡ್ಡ ಅನ್ಯಾಯ. ಬಸ್ಸಿಲ್ಲ, ನಡೆದು ಹೋಗುವ ದೂರದಲ್ಲಿ ಅಂಗಡಿಯಿಲ್ಲ, ನೀವು ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚಿದರೆ ಅವರಿಗೆ ಸಂಜೆಯ ತನಕ ಮಾತಿಗೂ ಜನವಿಲ್ಲ. ಟ್ರಕ್ಕಿನ ದುಡ್ಡಿನಲ್ಲಿ ಎರಡನೇ ಕಾರು ತಗೊಳ್ಳಿ. ಆಸ್ಪತ್ರೆಯ ದೂರವನ್ನೂ ಅಳೆಯಿರಿ. 2024ರಲ್ಲಿ ಪಶ್ಚಿಮ ವಿಸ್ಕಾನ್ಸಿನ್‌ನ ಓ ಕ್ಲೇರ್, ಚಿಪ್ಪೆವಾ ಫಾಲ್ಸ್ ಊರುಗಳಲ್ಲಿ ಒಂದೊಂದು ಆಸ್ಪತ್ರೆ ಮುಚ್ಚಿತು, ಸುತ್ತಿನ ಹಳ್ಳಿಯವರಿಗೆ ಹೆರಿಗೆಗೂ ದೂರ ಹೋಗುವ ಹಾಗಾಯಿತು.

ಅಕ್ಕಪಕ್ಕದವರ ಬಗ್ಗೆ ಭಯ ಬೇಡ. ಬೆಂಕಿ ಬಿದ್ದರೆ ಓಡಿ ಬರುವವರು ಸಂಬಳದವರಲ್ಲ, ಅದೇ ರೈತರು, ಮೆಕ್ಯಾನಿಕ್‌ಗಳು. ಎದುರಿಗೆ ಟ್ರಕ್ಕು ಬಂದಾಗ ಸ್ಟೀರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಾರೆ, ನೀವೂ ಎತ್ತಿ. ನವೆಂಬರ್‌ನಲ್ಲಿ ಒಂಬತ್ತು ದಿನ ಜಿಂಕೆ ಬೇಟೆ ಇರುತ್ತದೆ, ಆಗ ಸ್ವಂತ ಜಾಗದಲ್ಲಿ ನಡೆದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳಿ.

ಸದ್ಯಕ್ಕೆ ರಿವರ್ ಫಾಲ್ಸ್ ಸುತ್ತಮುತ್ತ ಬಾಡಿಗೆ ಮನೆ ಹುಡುಕಿ. ಮಹಾನಗರದ ಲೆಕ್ಕದಲ್ಲೇ ಇದೆ, ಕಾಲೇಜು ಇರುವ ಊರು, ಮಿನಿಯಾಪೊಲಿಸ್‌ಗೂ ಹತ್ತಿರ. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಇದ್ದು ನೋಡಿ. ಮನೆ ಯಾವುದಾದರೂ ಕಣ್ಣಿಗೆ ಬಿದ್ದರೆ ನೀರಿನ ಪರೀಕ್ಷೆ ವರದಿ, ಸೆಪ್ಟಿಕ್ ದಾಖಲೆ ಎರಡೂ ಕಳಿಸಿ, ನಾನು ಓದಿ ಹೇಳುತ್ತೇನೆ.