ನುಡಿಗಟ್ಟಿಗೆ ಚಿತ್ರ ತೋರಿಸುವ ಮೊದಲು

ಐದನೇ ಕ್ಲಾಸಿನ ಮಗನಿಗೆ ಡಿಸ್ಲೆಕ್ಸಿಯಾ (ಅಕ್ಷರ ಕೂಡಿಸಿ ಓದೋದು ಕಷ್ಟವಾಗುವ ಕಲಿಕಾ ನ್ಯೂನತೆ) ಇದೆ, ನುಡಿಗಟ್ಟು ತಲೆಗೆ ಹತ್ತೋದಿಲ್ಲ, ಚಿತ್ರ ತೋರಿಸಿ ಕಲಿಸಿದರೆ ಆದೀತೇ ಅಂತ ಕೇಳಿದ್ದೀರಿ. ಆದೀತು. ಆದರೆ ಚಿತ್ರವೇ ದಾರಿ ತಪ್ಪಿಸುವುದೂ ಉಂಟು.

ನಾನು ಕಲಬುರಗಿ ಜಿಲ್ಲೆಯಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುವವಳು. ನಮ್ಮದು ತೊಗರಿ ಸೀಮೆ. "ಈ ಸಲ ಮಳಿ ಕೈ ಕೊಡ್ತು" ಅನ್ನೋದು ಮನೆಮನೆಯ ಮಾತು. ಇದಕ್ಕೊಂದು ಚಿತ್ರ ಬಿಡಿಸು ಅಂದೆ ಒಬ್ಬ ಹುಡುಗಿಗೆ. ಮೋಡಕ್ಕೆ ಎರಡು ಕೈ ಬರೆದಳು. ಕೆಳಗೆ ಬಿದ್ದ ರೈತನನ್ನು ಮೋಡ ಕೈಹಿಡಿದು ಎಬ್ಬಿಸುತ್ತಿದೆ. ರೈತನ ನಗು ಎಂಥದ್ದು ಅಂದ್ರೆ ಹಲ್ಲು ಎಣಿಸಬಹುದು. ಅವಳದೇನು ತಪ್ಪು? ಬಿದ್ದವನಿಗೆ ಕೈ ಕೊಡೋದು ಸಹಾಯವೇ ಅಲ್ವೇನ್ರೀ! ಮಾತು ಒಂದು ಹೇಳುತ್ತದೆ, ಅರ್ಥ ಪೂರ್ತಿ ಉಲ್ಟಾ. 'ಕಣ್ಣಿಗೆ ಮಣ್ಣೆರಚಿದ' ಅನ್ನೋದನ್ನಾದರೂ ಊಹಿಸಬಹುದು. ಮಣ್ಣು ಬಿದ್ದ ಕಣ್ಣಿಗೆ ಕಾಣೋದಿಲ್ಲ, ಮೋಸ ಅಲ್ಲೇ ಪಕ್ಕದಲ್ಲಿದೆ. 'ಕೈ ಕೊಟ್ಟ'ದ್ದಕ್ಕೆ ಆ ಸುಳಿವೂ ಇಲ್ಲ, ಮಾತಿನ ನಡುವೆ ಕೇಳಿ ಕೇಳಿಯೇ ಹಿಡಿಯಬೇಕು.

ಹಾಗಾಗಿ ನಾನು ಮೊದಲು ಕಥೆ ಹೇಳುತ್ತೇನೆ: ಬಿತ್ತಿದ್ದು, ಮುಗಿಲು ನೋಡುತ್ತಾ ಕೂತಿದ್ದು, ಬೆಳೆ ಒಣಗಿದ್ದು. ನುಡಿಗಟ್ಟು ಕೊನೆಗೆ. ಆಮೇಲೆ ಎರಡು ಚಿತ್ರ ಇಡುತ್ತೇನೆ, ಕೈ ಇರುವ ಮೋಡ ಮತ್ತು ಒಣಗಿದ ಹೊಲ. ಯಾವುದು ಬರೀ ಮಾತು, ಯಾವುದು ಅರ್ಥ ಅಂತ ಮಕ್ಕಳೇ ಹೇಳಬೇಕು. (ಚಿತ್ರ ಓದೋದನ್ನೂ ಕಲಿಸಬೇಕಾಗುತ್ತದೆ. ಓಡುವ ನಾಯಿಯ ಹಿಂದಿನ ಗೆರೆಗಳನ್ನು ಒಬ್ಬ ದಾರ ಅಂದಿದ್ದ.)

ನೀವು ಮೊದಲು ಒಂದು ಕೆಲಸ ಮಾಡಿ. ಪಾಠ ನೀವೇ ಓದಿ ಹೇಳಿ. ಕಿವಿಯಲ್ಲಿ ಕೇಳಿದಾಗ ನುಡಿಗಟ್ಟು ತಿಳಿದರೆ ತೊಡಕು ಓದಿನದು, ಅಕ್ಷರ ಕೂಡಿಸೋದರಲ್ಲೇ ಹುಡುಗ ದಣಿಯುತ್ತಾನೆ. ಕೇಳಿದರೂ ತಿಳಿಯದಿದ್ದರೆ ಅದು ಬೇರೆ ತೊಡಕು, ಡಿಸ್ಲೆಕ್ಸಿಯಾ ಇದೆ ಅಂತ ಪರೀಕ್ಷಿಸಿ ಹೇಳಿದವರಿಗೆ ಅದನ್ನು ಬಿಡಿಸಿ ಹೇಳಿ. ಕಲಿಕಾ ನ್ಯೂನತೆ ಅಂದರೆ ಓದು ಬರಹದ್ದಷ್ಟೇ ಅಂತ ಬಹಳ ಮಂದಿ ತಿಳಿದಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವಿವರಣೆಯಲ್ಲಿ ಆಡುಮಾತನ್ನು ಗ್ರಹಿಸುವ ತೊಂದರೆಯೂ ಸೇರಿದೆ.

ಮನೆಮಾತು ಯಾವುದು ಅಂತ ನೀವು ಬರೆದಿಲ್ಲ. ನಮ್ಮಲ್ಲಿ ಸೇಡಂ ಕಡೆ ತೆಲುಗು, ಆಳಂದ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಶಹರದಲ್ಲಿ ಉರ್ದು. ಎಂದೂ ಕೇಳದ ಕನ್ನಡ ನುಡಿಗಟ್ಟು ತಿಳಿಯದಿದ್ದರೆ ಅದಕ್ಕೆ ನ್ಯೂನತೆ ಅನ್ನೋಕಾಗಲ್ಲ. ಮನೆಮಾತಿನ ನುಡಿಗಟ್ಟು ಕೇಳಿ ನೋಡಿ.

ಆ ಹುಡುಗಿಗೆ 'ಕೈ ಕೊಡ್ತು' ಈಗ ಬಾಯಿಗೆ ಬಂದಿದೆ. ಮೊನ್ನೆ ನಾನು "ತೊಗರಿ ಕೈ ಹಿಡೀತು" ಅಂದೆ. ಅನುಮಾನದಿಂದ ನೋಡಿ ಕೇಳಿದಳು: "ಇದೂ ಕೆಟ್ಟದ್ದೇನ್ರೀ ಟೀಚರ್?"