ಕ್ಷಯದ ಪಿಸಿಆರ್ ಅಗ್ಗವಾಗುವುದು ಹೇಗೆ?

ಪ್ರಶ್ನೆ: ರೋಗಾಣುವಿನ ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್‌ಗೆ ಬೇಕಾದ ಕಿಣ್ವ, ಪ್ರೈಮರ್‌ಗಳಿಗೆ (ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ತಗಲುವ ಖರ್ಚು ಅಲ್ಪ ಎನ್ನುತ್ತಾರೆ. ಹಾಗಿದ್ದೂ ಕ್ಷಯ ಪತ್ತೆಯ ಇಂಥ ಮಾಲಿಕ್ಯುಲರ್ (ಡಿಎನ್‌ಎ ಆಧಾರಿತ) ಪರೀಕ್ಷೆ ದುಬಾರಿಯೇಕೆ?

ಉತ್ತರ: ಈ ಲೆಕ್ಕವನ್ನು ಎಷ್ಟು ಮಂದಿ ನನ್ನ ಮುಂದಿಟ್ಟಿದ್ದಾರೋ ತಿಳಿಯದು. ಲೆಕ್ಕ ತಪ್ಪಲ್ಲ, ಆದರೆ ಅದರಲ್ಲಿ ಕಫವೇ ಇಲ್ಲ. ಶುದ್ಧ ಡಿಎನ್‌ಎ ಕೈಗೆ ಸಿಕ್ಕರೆ ಅದನ್ನು ವರ್ಧಿಸುವುದು ನಿಜಕ್ಕೂ ಅಗ್ಗದ ಕೆಲಸ. ರೋಗಿ ಕೊಡುವುದು ಅಂಟು ಕಫವನ್ನು. ಅದರೊಳಗಿನ ಬ್ಯಾಕ್ಟೀರಿಯಾಕ್ಕೋ ಮೇಣದಂಥ ಗಟ್ಟಿ ಹೊದಿಕೆ. ಕಫವನ್ನು ತೆಳುವಾಗಿಸಿ, ಹೊದಿಕೆಯನ್ನು ಒಡೆದು, ಕಿಣ್ವದ ಕೆಲಸಕ್ಕೆ ಅಡ್ಡಿಯಾಗುವ ಕಲ್ಮಶಗಳನ್ನು ತೊಳೆಯುವುದನ್ನೆಲ್ಲ ಟೆಕ್ನಿಷಿಯನ್‌ಗೆ ಸೋಂಕು ತಗಲದಂತೆ ಮಾಡಬೇಕು. ಮೇಲಾಗಿ 30 ಸುತ್ತುಗಳಲ್ಲಿ ಒಂದು ಡಿಎನ್‌ಎ ತುಣುಕು ಸುಮಾರು 100 ಕೋಟಿಯಾಗುವುದರಿಂದ, ಹಿಂದಿನ ಪರೀಕ್ಷೆಯ ಒಂದು ಹನಿ ಸಿಡಿದರೂ ಮುಂದಿನ ರೋಗಿಯ ವರದಿ ಸುಳ್ಳಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಇವುಗಳಲ್ಲಿ ಹೆಚ್ಚಿನದನ್ನು ಒಂದು ಮುಚ್ಚಿದ ಕಾರ್ಟ್ರಿಜ್‌ನಲ್ಲಿ (ಒಮ್ಮೆ ಬಳಸಿ ಎಸೆಯುವ ಡಬ್ಬಿ) ಮುಗಿಸಿ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯವನ್ನೂ ಎರಡು ಗಂಟೆಯೊಳಗೆ ಗುರುತಿಸುತ್ತದೆ. ನಾವು ಹಣ ಕೊಡುವುದು ಆ ಕಾರ್ಟ್ರಿಜ್‌ಗೆ. ಬಡ ರಾಷ್ಟ್ರಗಳಿಗೆ ಅದರ ಬೆಲೆ 2012ರಲ್ಲಿ 9.98 ಡಾಲರ್‌ಗೆ ಇಳಿದದ್ದು ದಾನಿ ಸಂಸ್ಥೆಗಳು ಹಣ ಕಟ್ಟಿದ್ದರಿಂದಲೇ ಹೊರತು ವಿಜ್ಞಾನದಿಂದಲ್ಲ, 7.97ಕ್ಕೆ ಬರಲು 2023 ಆಗಬೇಕಾಯಿತು. ಆ ಯಂತ್ರಕ್ಕೆ ಸ್ಥಿರವಾದ ವಿದ್ಯುತ್ತೂ ತಂಪು ಕೋಣೆಯೂ ಬೇಕು. ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವಾದ ಮೋಲ್‌ಬಯೋ ರೂಪಿಸಿದ ಟ್ರೂನ್ಯಾಟ್ ಕೈಹಾಕಿದ್ದು ಈ ತೊಡಕಿಗೆ: ಬ್ಯಾಟರಿಯಲ್ಲಿ ನಡೆಯುವ ಯಂತ್ರ, ಫ್ರಿಜ್ ಬೇಡದ ಒಣ ರಾಸಾಯನಿಕ, ಸಣ್ಣ ಚಿಪ್. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು.

ಅಗ್ಗದ ಕಿಟ್ ಮಾಡಿದ್ದೇವೆಂದು ಬರುವ ಯುವಕರನ್ನು ನಾನು ಕೇಳುವುದಿಷ್ಟೆ: ಎಷ್ಟು ರೋಗಿಗಳ ಕಫದಲ್ಲಿ ನೋಡಿದಿರಿ, ಪರೀಕ್ಷೆ ಸರಿಯಾಗಿ ನಡೆಯಿತೆಂದು ತೋರಿಸುವ ಆಂತರಿಕ ಕಂಟ್ರೋಲ್ ಇದೆಯೇ? ಅದಿಲ್ಲದೆ ಬಂದ ನೆಗೆಟಿವ್ ‘ರೋಗವಿಲ್ಲ’ ಎಂಬುದೋ ‘ಪರೀಕ್ಷೆ ನಡೆಯಲೇ ಇಲ್ಲ’ ಎಂಬುದೋ ಯಾರಿಗೂ ತಿಳಿಯದು. ಪಿಸಿಆರ್‌ನಂತೆ ಬಿಸಿ ಏರಿಳಿಸದೆ ಒಂದೇ ಬಿಸಿಯಲ್ಲಿ ಡಿಎನ್‌ಎ ವರ್ಧಿಸುವ ಲ್ಯಾಂಪ್ (LAMP) ವಿಧಾನ ದುಬಾರಿ ಯಂತ್ರವನ್ನು ತಪ್ಪಿಸುತ್ತದೆ, ನಿಜ. ಕಫ ತೊಳೆಯುವ ಕೆಲಸವನ್ನಲ್ಲ. ಈ ವಿಷಯದಲ್ಲಿ ನನ್ನನ್ನು ಅಂಜುಬುರುಕ ಎಂದರೂ ಸರಿಯೆ.

ಪ್ರಶ್ನೆ: ರಕ್ತದ ಪ್ರತಿಕಾಯ ಪರೀಕ್ಷೆ ಇನ್ನೂ ಅಗ್ಗವಲ್ಲವೇ?

ಉತ್ತರ: ಕ್ಷಯಕ್ಕೆ ಅಂಥ ಕಿಟ್‌ಗಳನ್ನು ಭಾರತ 2012ರಲ್ಲೇ ನಿಷೇಧಿಸಿದೆ, ಈಗಲೂ ಬರೆದುಕೊಡುವವರಿದ್ದರೆ ಅವರ ಬಾಗಿಲಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ನಾಡಿ ನೋಡಿಯೇ ಕ್ಷಯ ಹೇಳುವವರಿದ್ದಾರಂತೆ?

ಉತ್ತರ: ಹೇಳುವವರಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಪ್ರಶ್ನೆ: ಚಿಕಿತ್ಸೆ ಮುಗಿದ ಮೇಲೂ ಪಿಸಿಆರ್ ಪಾಸಿಟಿವ್ ಬಂದಿದೆ. ರೋಗ ಮರುಕಳಿಸಿತೇ?

ಉತ್ತರ: ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಿಸಿಆರ್ ಹಿಡಿಯುತ್ತದೆ. ಗುಣವಾಯಿತೇ ಎಂದು ತಿಳಿಯಲು ಆ ಪರೀಕ್ಷೆಯನ್ನು ಮಾಡಿಸಲೇಬಾರದಿತ್ತು. ವೈದ್ಯರಿಗೆ ಹೇಳಿ, ಕಫದಲ್ಲಿ ಜೀವಂತ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಮಾಡಿಸಿ.