ಬುರುಜು ಬಿದ್ದಾಗ ಯಾರ ಪಾಪ?

ಪ್ರಶ್ನೆ: ಪಾಸ್ಟರ್‌ಗೆ ವಂದನೆಗಳು. ಕಳೆದ ಜುಲೈ ಮಳೆಯಲ್ಲಿ ನನ್ನ ತಂಗಿಯ ಮಗ ಬೈಕಿನಲ್ಲಿ ಬರುತ್ತಿದ್ದಾಗ ಮೈಮೇಲೆ ಮರ ಬಿದ್ದು ತೀರಿಕೊಂಡ. ಅವನಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಪ್ರಾರ್ಥನೆ ಇಟ್ಟಾಗ ಒಬ್ಬ ಹಿರಿಯರು, “ಈ ಮನೆಯಲ್ಲಿ ಅರಿಕೆ ಮಾಡದ ಪಾಪ ಏನೋ ಇದೆ, ಪಶ್ಚಾತ್ತಾಪ ಪಡಿ” ಎಂದರು. ಅವತ್ತಿನಿಂದ ತಂಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಹಳೆಯದನ್ನೆಲ್ಲ ಕೆದಕುತ್ತಾ ಕೂತಿರುತ್ತಾಳೆ. ಆ ಹಿರಿಯರು ಬೈಬಲಿನ ಲೂಕ 13ನೇ ಅಧ್ಯಾಯ ತೋರಿಸಿದರು. ಪಶ್ಚಾತ್ತಾಪ ಪಡದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ ಅಂತ ಯೇಸು ಸ್ವಾಮಿಯೇ ಹೇಳಿದ್ದಾರೆ ಅಲ್ವಾ? ನಾನು ತಂಗಿಗೆ ಏನು ಹೇಳಲಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅಕ್ಕ, ಮೊದಲು ಇಷ್ಟು ಹೇಳಿಬಿಡುತ್ತೇನೆ. ಆ ಹುಡುಗ ಸತ್ತದ್ದು ನಿಮ್ಮ ತಂಗಿಯ ಪಾಪಕ್ಕಲ್ಲ. ಮಳೆಗೆ ಮಣ್ಣು ಸಡಿಲವಾಗಿ ಮರ ಬಿತ್ತು. ಇವತ್ತೇ ಹೋಗಿ ಈ ಮಾತನ್ನು ಅವಳಿಗೆ ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಆ ಹಿರಿಯರು ತೋರಿಸಿದ ಅಧ್ಯಾಯ ಸರಿಯಾದದ್ದೇ. ಆದರೆ ಅದನ್ನು ತಿರುಗಿಸಿ ಹಿಡಿದಿದ್ದಾರೆ. ಅಲ್ಲಿ ಏನಾಯಿತು ನೋಡಿ. ಬಲಿ ಕೊಡಲು ಹೋದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಕೆಲವರು ತಂದರು. ಯೇಸು ಸ್ವಾಮಿ ಕೇಳಿದರು: ಅವರು ಬೇರೆ ಗಲಿಲಾಯದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ? ಅಲ್ಲ. ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದನ್ನು ತಾವಾಗಿಯೇ ತೆಗೆದರು. ಸಿಲೋವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಅವರೇನು ದೊಡ್ಡ ತಪ್ಪುಗಾರರೇ? ಅದಕ್ಕೂ ಅಲ್ಲ ಎಂದೇ ಹೇಳಿದರು. ಒಂದು ಕಡೆ ಮನುಷ್ಯನ ಕ್ರೌರ್ಯ, ಇನ್ನೊಂದು ಕಡೆ ಕುಸಿದ ಗೋಡೆ. ಎರಡಕ್ಕೂ ಒಂದೇ ಉತ್ತರ.

“ನೀವು ತಿರುಗಿಕೊಳ್ಳದಿದ್ದರೆ”, ಅಂದರೆ ಪಶ್ಚಾತ್ತಾಪ ಪಡದಿದ್ದರೆ, ಎಂಬ ಮಾತು ಬರುವುದು ಇದಾದ ಮೇಲೆ. ಅದನ್ನು ಕೇಳಿಸಿಕೊಂಡವರು ಯಾರು? ಸತ್ತವರ ತಾಯಂದಿರಲ್ಲ. ಸುದ್ದಿ ಹೊತ್ತು ತಂದು, ಕಾರಣ ಹುಡುಕುತ್ತಾ ನಿಂತಿದ್ದವರು. ಅಂದರೆ ಆ ಮಾತು ನಿಮ್ಮ ತಂಗಿಯ ಮನೆಗೆ ಬಂದ ಆ ಹಿರಿಯರಿಗೆ. ನನಗೂ.

ನನಗೂ ಅಂತ ಸುಮ್ನೆ ಬರೆಯುತ್ತಿಲ್ಲ. 2010ರ ಮೇ 22ರಂದು, ಶನಿವಾರ ಬೆಳಿಗ್ಗೆ, ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ನಾನು ಆಗ ಮಂಗಳೂರಿನಲ್ಲೇ ಒಂದು ಕ್ರೈಸ್ತ ಸಭೆ ನೋಡಿಕೊಳ್ಳುತ್ತಿದ್ದೆ. ಮರುದಿನ ಪೆಂತೆಕೊಸ್ತ್ ಹಬ್ಬದ ಭಾನುವಾರ. ನಮ್ಮ ಸಭೆಯ ಒಬ್ಬ ಹುಡುಗ ಅದೇ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದ. ರಜೆ ಸಿಗದೆ ವಾರ ಮುಂದೆ ಹಾಕಿದ್ದ. ಅವನ ತಂದೆತಾಯಿ ಮುಂದಿನ ಬೆಂಚಿನಲ್ಲಿ ಕೂತು ಅಳುತ್ತಿದ್ದರು. ನಾನು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ: “ಕರ್ತನೇ, ನೀನು ನಿನ್ನವರನ್ನು ಕಾಪಾಡಿದ್ದಕ್ಕೆ ಸ್ತೋತ್ರ.” ಎಲ್ಲರೂ ಆಮೆನ್ ಎಂದರು.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಹೆಂಗಸು ಕೈ ಕುಲುಕಲಿಲ್ಲ. ಕೈಯಲ್ಲಿ ಮಡಚಿದ ಕರವಸ್ತ್ರ ಇತ್ತು, ಅದನ್ನೇ ಬಿಚ್ಚುತ್ತಾ ಮತ್ತೆ ಮಡಚುತ್ತಾ ನಿಂತಿದ್ದರು. ಅವರ ಪಕ್ಕದ ಮನೆಯ ಮಗಳು ಎರಡು ಮಕ್ಕಳ ಜೊತೆ ಆ ವಿಮಾನದಲ್ಲಿದ್ದಳಂತೆ. “ಹಾಗಾದ್ರೆ ಅವಳು ಯಾರವಳು, ಪಾಸ್ಟರೇ?” ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆ ಹುಡುಗ ಉಳಿದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದ್ದು ತಪ್ಪಲ್ಲ. “ನಿನ್ನವರನ್ನು” ಅಂದೆನಲ್ಲ, ಅದು ತಪ್ಪು. ಅದೊಂದೇ ಮಾತಿನಲ್ಲಿ 158 ಜನರನ್ನು ಆಚೆ ನಿಲ್ಲಿಸಿಬಿಟ್ಟೆ. ಮುಂದಿನ ವಾರ ಅದೇ ಜಾಗದಲ್ಲಿ ನಿಂತು ಸಭೆಯ ಮುಂದೆ ಕ್ಷಮೆ ಕೇಳಿದೆ. ಆ ಹೆಂಗಸಿನ ಮನೆಗೂ ಹೋಗಿ ಕೇಳಿದೆ. ಪಶ್ಚಾತ್ತಾಪ ಅಂದರೇನು ಅಂತ ಇಪ್ಪತ್ತು ಪ್ರಸಂಗ ಮಾಡಿದ್ದೆ. ನನಗೆ ಅದು ತಿಳಿದದ್ದು ಅವರ ಜಗಲಿಯಲ್ಲಿ.

ಹೀಬ್ರೂ ಭಾಷೆಯಲ್ಲಿ ಇದಕ್ಕೆ ಬಳಸುವ ‘ಶೂವ್’ ಎಂಬ ಪದಕ್ಕೆ ತಿರುಗು, ಹಿಂದಿರುಗು ಅಂತಲೇ ಅರ್ಥ. ನಮ್ಮ ಕನ್ನಡ ಬೈಬಲಾದ ಸತ್ಯವೇದದಲ್ಲಿ ‘ತಿರುಗಿಕೊಳ್ಳಿ’ ಅಂತ ಬರುತ್ತದಲ್ಲ, ನನಗೆ ಅದು ಬಹಳ ಇಷ್ಟ. ದಾರಿ ತಪ್ಪಿದೆ ಅಂತ ಗೊತ್ತಾದಾಗ ತಿರುಗುತ್ತೇವೆ, ಅಷ್ಟೇ. ನಿಮ್ಮ ತಂಗಿ ಮಾಡುತ್ತಿರುವುದು ಅದಲ್ಲ. ಅವಳು ತಿರುಗುತ್ತಿಲ್ಲ, ನಿಂತಲ್ಲೇ ತನ್ನನ್ನು ತಾನು ಹೊಡೆದುಕೊಳ್ಳುತ್ತಿದ್ದಾಳೆ. ದೇವರು ಅದನ್ನು ಕೇಳಿಲ್ಲ.

ಸಿಲೋವಾಮಿನ ಹೆಸರು ಇನ್ನೊಂದು ಕಡೆ ಬರುತ್ತದೆ, ಯೋಹಾನ 9ರಲ್ಲಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳುತ್ತಾರೆ, ಯಾರ ಪಾಪ, ಇವನದೋ ತಂದೆತಾಯಿಯದೋ? ಯೇಸು ಸ್ವಾಮಿ ಇಬ್ಬರದೂ ಅಲ್ಲ ಎಂದು ಹೇಳಿ, ಅವನ ಕಣ್ಣಿಗೆ ಮಣ್ಣು ಹಚ್ಚಿ, ಸಿಲೋವಾಮಿನ ಕೊಳಕ್ಕೆ ಹೋಗಿ ತೊಳೆದುಕೋ ಎಂದು ಕಳಿಸುತ್ತಾರೆ. ಆ ಕೊಳದ ಮೆಟ್ಟಿಲುಗಳು 2004ರಲ್ಲಿ ಒಂದು ಪೈಪಿನ ರಿಪೇರಿ ಮಾಡುವಾಗ ಮಣ್ಣಿನಡಿ ಸಿಕ್ಕವು. ನನಗೆ ಆ ಮೆಟ್ಟಿಲುಗಳ ನೆನಪು ಆಗಾಗ ಬರುತ್ತದೆ. ಬುರುಜು ಬಿದ್ದ ಹೆಸರಿನ ಜಾಗಕ್ಕೇ ಒಬ್ಬ ಕುರುಡನನ್ನು ಕಳಿಸಿ ಕಣ್ಣು ಕೊಟ್ಟರು.

ಹಾಗಾದರೆ ಮರ ಆ ಹೊತ್ತಿಗೇ ಯಾಕೆ ಬಿತ್ತು? ನನಗೆ ಗೊತ್ತಿಲ್ಲ ಅಕ್ಕ. ಯೇಸು ಸ್ವಾಮಿಯೂ ಆ 18 ಜನರ ವಿಷಯದಲ್ಲಿ ಕಾರಣ ಹೇಳಲಿಲ್ಲ. ಅದರ ಬದಲು ಒಂದು ಕಥೆ ಹೇಳಿದರು. ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರದ ಗಿಡವನ್ನು ಕಡಿದುಹಾಕು ಅಂತ ಯಜಮಾನ ಹೇಳುತ್ತಾನೆ. ತೋಟದವನು, ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ನಿಮ್ಮ ಕಾಫಿ ಸೀಮೆಯವರಿಗೆ ಬುಡ ಬಿಡಿಸುವ ಕೆಲಸ ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ. ಗಿಡದ ಮೇಲೆ ಆಸೆ ಇದ್ದವನು ಮಾತ್ರ ಅದನ್ನು ಮಾಡುತ್ತಾನೆ. ಉಳಿದ ನಮಗೆ ಸಿಕ್ಕಿರುವುದು ಆ ಒಂದು ವರ್ಷ. ನಾವು ಒಳ್ಳೆಯವರು ಅಂತಲ್ಲ, ಯಾರೋ ನಮ್ಮ ಪರವಾಗಿ ಕೇಳಿಕೊಂಡರು ಅಂತ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನು ನೆನಪಿಸಿಕೊಳ್ಳಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ನೀವೂ ಹಾಗೆ ಕೂರಿ. ರೊಟ್ಟಿ ಮಾಡಿಕೊಂಡು ಹೋಗಿ, ತಂಗಿ ಒಂದು ತುತ್ತು ತಿನ್ನುವ ತನಕ ಏಳಬೇಡಿ. ಹುಡುಗನ ಹೆಸರು ಹೇಳಿ ಮಾತಾಡಿ, ಅವನ ಹೆಸರು ಕೇಳಲು ಅವಳಿಗೆ ಆಸೆ ಇರುತ್ತದೆ.

ಇನ್ನೊಂದು ವಿಷಯ. ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು, ಮೇಲೆ ಎರಡು ಗೆರೆ ಎಳೆದಿದ್ದೀರಿ. ಓದಲು ಬರುತ್ತದೆ. ಅದನ್ನು ಇಲ್ಲಿ ಅಚ್ಚು ಹಾಕಿಲ್ಲ. ಅದಕ್ಕೂ ಹುಡುಗನ ಸಾವಿಗೂ ಸಂಬಂಧವಿಲ್ಲ, ಭಯ ಪಡಬೇಡಿ. ಆದರೆ ಅದು ನಿಮ್ಮದು, ನೀವು ತಿರುಗಿಕೊಳ್ಳಬೇಕಾದ ಜಾಗ. ಆ ಮಾತನ್ನು ನನಗಲ್ಲ, ತಂಗಿಗೆ ಹೇಳಿ. ಅವಳ ಊಟ ಆದ ಮೇಲೆ.